‘ಮೇಲೆ ಗಂಡು, ಕೆಳಗೆ ಹೆಣ್ಣು’ ಅಂತ ಮಾರುವ ಇಲಿ ಗೂಡು: 9 ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಗೂಡು ಕೆಟ್ಟದ್ದಲ್ಲ. ಅದರ ಡಬ್ಬದ ಮೇಲೆ ಬರೆದಿರುವ ಮಾತು ಕೆಟ್ಟದ್ದು. ಎರಡು ಅಂತಸ್ತು, ನಡುವೆ ಬೇಕಾದರೆ ಹಾಕಿ ಬೇಡವಾದರೆ ತೆಗೆಯಬಹುದಾದ ಅಟ್ಟ, ಗಂಡು ಹೆಣ್ಣು ಇಲಿಗಳನ್ನು ಒಂದೇ ಗೂಡಿನಲ್ಲಿ ಬೇರೆ ಬೇರೆಯಾಗಿ ಸುರಕ್ಷಿತವಾಗಿ ಸಾಕಿ ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ. ಆ ಮಾತು ನಂಬಿದ್ದಕ್ಕೆ ನನಗೆ ಸಿಕ್ಕಿದ್ದು 11 ಮರಿ.

ಕಂಪನಿ ಹೆಸರು ಹೇಳುವುದಿಲ್ಲ. ಇದೇ ನಮೂನೆಯ ಗೂಡನ್ನು ಬೇರೆ ಬೇರೆಯವರು ಮಾರುತ್ತಾರೆ, ಬಣ್ಣ ಬೇರೆ, ಒಳಗಿನ ಕಥೆ ಹೆಚ್ಚುಕಮ್ಮಿ ಒಂದೇ. ಹಾಗಾಗಿ ನೀವು ಯಾವುದನ್ನು ನೋಡುತ್ತಿದ್ದರೂ ನಾನು ಹೇಳುವ ಜಾಗಗಳನ್ನು ಒಮ್ಮೆ ಮುಟ್ಟಿ ನೋಡಿ.

ನಮ್ಮ ಮನೆಯಲ್ಲಿ ಆಗ ನಾಲ್ಕು ಇಲಿಗಳು. ಗುಂಡ ಮತ್ತು ಕೆಂಚ ಅಣ್ಣತಮ್ಮಂದಿರು. ಆಮೇಲೆ ಬಂದವರು ಚುಕ್ಕಿ, ಮಿಂಚು, ಅಕ್ಕತಂಗಿಯರು. ಒಂದು ಗಂಡು ಒಂದು ಹೆಣ್ಣು ತಂದು ಬೇರೆ ಬೇರೆ ಇಟ್ಟರೆ ಮುಗೀತಲ್ಲ ಅಂತ ಕೆಲವರು ಕೇಳುತ್ತಾರೆ. ಮುಗಿಯುವುದಿಲ್ಲ. ಇಲಿ ಒಂಟಿಯಾಗಿ ಇರುವ ಪ್ರಾಣಿ ಅಲ್ಲ. ಮೈಗೆ ಮೈ ತಾಗಿಸಿ ಮಲಗಬೇಕು, ಒಬ್ಬರ ತಲೆ ಇನ್ನೊಬ್ಬರು ನೆಕ್ಕಬೇಕು, ಜಗಳವೂ ಆಡಬೇಕು. ಒಂಟಿ ಬಿಟ್ಟರೆ ಮಂಕಾಗಿ ಕೂರುತ್ತದೆ. ಅಂದರೆ ಎರಡೂ ಜಾತಿ ಸಾಕಬೇಕೆಂದರೆ ಕನಿಷ್ಠ ನಾಲ್ಕು ಇಲಿ, ಎರಡು ಮನೆ. ಆ ಎರಡು ಮನೆಗೆ ಜಾಗ ಇಲ್ಲದವರಿಗಾಗಿಯೇ ಈ ಗೂಡು ಮಾಡಿದ್ದಾರೆ, ನಾನೂ ಅದೇ ಲೆಕ್ಕದಲ್ಲಿ ತಂದೆ. ಒಂದು ಮೂಲೆ ಸಾಕು, ಎತ್ತರಕ್ಕೆ ಹೋಗುತ್ತದೆ, ಗುಡಿಸಲು ಸುಲಭ. ಬುದ್ಧಿವಂತಿಕೆ ಅಂತ ಅಂದುಕೊಂಡಿದ್ದೆ.

ಅಳತೆ ಹೇಳಿಬಿಡುತ್ತೇನೆ. ಅಗಲ 80 ಸೆಂಟಿಮೀಟರ್, ಒಳಕ್ಕೆ 50, ಒಂದೊಂದು ಅಂತಸ್ತಿನ ಎತ್ತರ 75. ಲೆಕ್ಕ ಹಾಕಿದರೆ ಒಂದು ಅಂತಸ್ತಿಗೆ ಸುಮಾರು 10 ಘನ ಅಡಿ. ಒಂದು ಇಲಿಗೆ ಕಡಿಮೆ ಅಂದರೂ 2 ಘನ ಅಡಿ ಬೇಕು ಅನ್ನುವುದು ಸಾಕುವವರ ಹಳೆಯ ಲೆಕ್ಕ, ಹಾಗೆ ನೋಡಿದರೆ ಐದು ಹಿಡಿಸುತ್ತದೆ. ನಾನಾದರೆ ಮೂರಕ್ಕಿಂತ ಜಾಸ್ತಿ ಹಾಕುವುದಿಲ್ಲ. ಸರಳುಗಳು ಗಟ್ಟಿ, ಬಣ್ಣ ಚೆನ್ನಾಗಿ ಕೂತಿದೆ, ಇಷ್ಟು ತಿಂಗಳಾದರೂ ಎಲ್ಲೂ ಸಿಪ್ಪೆ ಎದ್ದಿಲ್ಲ. ಬಣ್ಣ ಇಲ್ಲದ ತಗಡು ಸರಳಿನ ಗೂಡು ಮೊದಲು ಇತ್ತು ನಮ್ಮಲ್ಲಿ, ಅದು ಉಚ್ಚೆ ಹೀರಿಕೊಂಡು ಏನು ತೊಳೆದರೂ ನಾರುತ್ತಿತ್ತು. ಇದರಲ್ಲಿ ಆ ತಾಪತ್ರಯ ಇಲ್ಲ. ಮುಂದಿನ ಬಾಗಿಲು ಪೂರ್ತಿ ಎರಡೂ ಕಡೆ ತೆರೆದುಕೊಳ್ಳುತ್ತದೆ. ಮೂಲೆಯಲ್ಲಿ ಹೆದರಿ ಕೂತ ಇಲಿಯನ್ನು ಬಾಲ ಎಳೆಯದೆ ಎರಡೂ ಕೈ ಹಾಕಿ ಎತ್ತಿಕೊಳ್ಳಬಹುದು. ಇದು ಸಣ್ಣ ವಿಷಯ ಅನ್ನಿಸಬಹುದು, ದಿನಾ ಕೈ ಹಾಕುವವರಿಗೆ ಗೊತ್ತು. ಜೋಡಿಸಲು ನನಗೆ ಒಂದು ಗಂಟೆ ಹಿಡಿಯಿತು, ಅದರಲ್ಲಿ ಇಪ್ಪತ್ತು ನಿಮಿಷ ಬಿದ್ದುಹೋದ ಒಂದು ಸ್ಕ್ರೂ ಹುಡುಕುವುದರಲ್ಲೇ ಹೋಯಿತು.

ಮೊದಲ ತಕರಾರು ಮೊದಲ ರಾತ್ರಿಯೇ. ಸರಳುಗಳ ನಡುವಿನ ಸಂದು. ಡಬ್ಬದ ಮೇಲೆ ‘ಎಲ್ಲ ವಯಸ್ಸಿನ ಇಲಿಗೂ’ ಅಂತ ಇದೆ. ನಾನು ಸ್ಕೇಲ್ ಇಟ್ಟು ನೋಡಿದಾಗ 1.9 ಸೆಂಟಿಮೀಟರ್. ಬೆಳೆದ ಗಂಡಿಗೆ ಇದು ಏನೂ ಅಲ್ಲ. ಗುಂಡನ ತಲೆಯೇ ಅದಕ್ಕಿಂತ ದೊಡ್ಡದು, ಅರ್ಧ ಕಿಲೋ ದಾಟಿದ ಆಸಾಮಿ ಅವನು. ಆದರೆ ಹುಡುಗಿಯರು ಆಗ 7 ವಾರದವರು. ಇಲಿಯ ವಿಷಯದಲ್ಲಿ ಒಂದೇ ಲೆಕ್ಕ, ತಲೆ ತೂರಿದರೆ ಮೈ ತೂರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಚುಕ್ಕಿ ಒಳಗೆ, ಮಿಂಚು ಗೂಡಿನ ಹೊರಗೆ ಮೇಲಿನ ಅಂತಸ್ತಿನ ಸರಳಿಗೆ ಜೋತುಬಿದ್ದಿದ್ದಾಳೆ, ಒಳಗಿನಿಂದ ಕೆಂಚ ಅವಳ ಮೂಗು ಮೂಸುತ್ತಿದ್ದಾನೆ. ನನ್ನ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಅವತ್ತು ಏನೂ ಆಗಿರಲಿಲ್ಲ.

ಹೆಣ್ಣಿಲಿಗೂ ಮರಿಗಳಿಗೂ ಸಂದು 1.2 ಸೆಂಟಿಮೀಟರ್ ಆಸುಪಾಸು ಇರಬೇಕು. ಎರಡೂವರೆ ಸೆಂಟಿಮೀಟರ್ ಸಂದಿನ ಗೂಡು ದೊಡ್ಡ ಗಂಡುಗಳಿಗೆ ಮಾತ್ರ. ಗಂಡು ಹೆಣ್ಣು ಇಬ್ಬರಿಗೂ ಅಂತ ಹೇಳಿ ಮಾರುವ ಗೂಡಿನಲ್ಲಿ ಹೆಣ್ಣಿನ ಅಳತೆ ಹಿಡಿಯಬೇಕಲ್ವಾ? ಇವರು ಇಬ್ಬರಿಗೂ ಮಧ್ಯದ ಒಂದು ಅಳತೆ ಹಿಡಿದಿದ್ದಾರೆ. ಆ ದಿನವೇ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ತಂದು ಕೆಳಗಿನ ಅಂತಸ್ತಿಗೆ ಸುತ್ತಲೂ ತಂತಿಯಲ್ಲಿ ಬಿಗಿದೆ. ತಂತಿಯ ತುದಿಗಳನ್ನು ಹೊರಗಡೆಗೆ ಮಡಚಬೇಕು, ಇಲ್ಲದಿದ್ದರೆ ಇಲಿ ಕಣ್ಣಿಗೆ ಚುಚ್ಚುತ್ತದೆ. ಪ್ಲಾಸ್ಟಿಕ್ ಜಾಲರಿ ತರಬೇಡಿ, ಒಂದು ರಾತ್ರಿಗೆ ಅದು ಅವರ ತಿಂಡಿ.

ಈಗ ನಡುವಿನ ಅಟ್ಟಕ್ಕೆ ಬರುತ್ತೇನೆ. ನನ್ನ ಜಗಳ ಇರುವುದು ಇದರ ಜೊತೆ.

ಅಟ್ಟ ಅಂದರೆ ಒಂದು ಸರಳಿನ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ ಟ್ರೇ. ಟ್ರೇ ನಡುವೆ ಅಂಗೈ ಅಗಲದ ಒಂದು ಕಿಂಡಿ ಕೊರೆದಿದ್ದಾರೆ. ಎರಡೂ ಅಂತಸ್ತು ಒಂದು ಮಾಡಬೇಕೆಂದರೆ ಅಲ್ಲಿಂದ ಏಣಿ ಇಳಿಯುತ್ತದೆ. ಬೇರೆ ಮಾಡಬೇಕೆಂದರೆ ಆ ಕಿಂಡಿಗೆ ಸರಳಿನ ಪುಟ್ಟ ಬಾಗಿಲು, ಅದಕ್ಕೊಂದು ಚಿಲಕ. ಅಂದರೆ ಟ್ರೇ ಎಲ್ಲ ಕಡೆ ಇದ್ದರೂ ಕಿಂಡಿಯ ಜಾಗದಲ್ಲಿ ಗಂಡಿಗೂ ಹೆಣ್ಣಿಗೂ ನಡುವೆ ಇರುವುದು ಬರೀ ಸರಳು, ಅದೂ 1.9 ಸೆಂಟಿಮೀಟರ್ ಸಂದಿನದ್ದು. ಅಷ್ಟು ಸಂದು ಇಲಿಗಳಿಗೆ ಸಾಕು. ಸರಳಿನ ಆಚೆ ಈಚೆ ಇದ್ದುಕೊಂಡೇ ಅವು ಕೂಡಬಲ್ಲವು. ಬೆದೆಗೆ ಬಂದ ಹೆಣ್ಣು ತಾನಾಗಿಯೇ ಸರಳಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ, ಗಂಡಿಗೆ ಬೇಕಾದದ್ದು ಕೆಲವೇ ಸೆಕೆಂಡು. ಒಂದೇ ಗೋಡೆ ಹಂಚಿಕೊಂಡ ಗೂಡು ಬೇರೆ ಗೂಡಲ್ಲ. ಪಕ್ಕಪಕ್ಕ ತಾಗಿಸಿ ಇಟ್ಟ ಎರಡು ಗೂಡಿಗೂ ಇದೇ ಮಾತು.

ಇದಿಷ್ಟೂ ಆಗಲೇ ನನಗೆ ಗೊತ್ತಿದ್ದಿದ್ದರೆ ಈ ವಿಮರ್ಶೆ ಚಿಕ್ಕದಾಗುತ್ತಿತ್ತು.

ಇನ್ನೂ ಇದೆ. ಮೇಲೆ ಗಂಡು ಅಂತ ಅವರೇ ಚಿತ್ರ ಹಾಕಿ ತೋರಿಸಿದ್ದಾರೆ. ಗಂಡಿಲಿ ನಡೆದಲ್ಲೆಲ್ಲ ಉಚ್ಚೆಯ ಹನಿ ಬಿಡುತ್ತಾ ಹೋಗುತ್ತದೆ, ಇದು ನನ್ನ ಜಾಗ ಅಂತ ಗುರುತು. ಆ ಹನಿ ಕಿಂಡಿಯಿಂದ ಸೀದಾ ಕೆಳಗಿನ ಹುಡುಗಿಯರ ಜೋಲಿಯ ಮೇಲೆ. ದಿನಾ ಬಟ್ಟೆ ಬದಲಾಯಿಸಿ ಸಾಕಾಯಿತು. ವಾಸನೆ ಅನ್ನುವುದು ನಮಗೆ ಕಿರಿಕಿರಿ, ಇಲಿಗೆ ಅದು ಪತ್ರವ್ಯವಹಾರ. ಕಣ್ಣು ಅಷ್ಟಕ್ಕಷ್ಟೇ, ಮೂಗೇ ಎಲ್ಲ. ಕೆಳಗೆ ಯಾರು ಬೆದೆಗೆ ಬಂದಿದ್ದಾರೆ ಅಂತ ಮೇಲಿನವರಿಗೆ ನನಗಿಂತ ಮೊದಲು ಗೊತ್ತಾಗುತ್ತಿತ್ತು. ಆ ರಾತ್ರಿಗಳಲ್ಲಿ ಗುಂಡ ಕಿಂಡಿಯ ಸುತ್ತ ಸುತ್ತುವುದು, ಟ್ರೇಯ ಅಂಚು ಕಡಿಯುವುದು, ಕೆಂಚನ ಮೇಲೆ ಸುಮ್ನೆ ರೇಗುವುದು. ಹಗಲಿಗೆ ಮತ್ತೆ ಮುದ್ದೆಯಂತೆ ಒಬ್ಬರ ಮೇಲೊಬ್ಬರು ಮಲಗುತ್ತಿದ್ದರು.

ಟ್ರೇಯ ಅಂಚಿನ ಬಗ್ಗೆ ಹೇಳಲೇಬೇಕು. ಹಲ್ಲು ಬೆಳೆಯುತ್ತಲೇ ಇರುವ ಪ್ರಾಣಿಗೆ ಮನೆ ಕಟ್ಟಿಕೊಡುವವರು ಪ್ಲಾಸ್ಟಿಕ್ಕಿಗೆ ಬಯಲಲ್ಲಿ ಅಂಚು ಬಿಡಬಾರದು. ಸಪಾಟಾಗಿರುವ ಜಾಗ ಇಲಿ ಕಡಿಯಲಾರದು, ಹಲ್ಲಿಗೆ ಹಿಡಿತ ಸಿಗುವುದಿಲ್ಲ. ಅಂಚು ಸಿಕ್ಕರೆ ಕೆಲಸ ಶುರು. ಕಿಂಡಿಯ ಸುತ್ತ ಪೂರ್ತಿ ಅಂಚೇ ಇದೆ. ಎರಡು ತಿಂಗಳಾಗುವಷ್ಟರಲ್ಲಿ ಕಿಂಡಿ ಅಂಗೈ ಅಗಲದಿಂದ ಒಂದೂವರೆ ಅಂಗೈಗೆ ಬಂದಿತ್ತು. ಮೇಲಿನಿಂದ ಗುಂಡ, ಕೆಳಗಿನಿಂದ ಚಾವಣಿಗೆ ಜೋತುಬಿದ್ದು ಚುಕ್ಕಿ. ಸುರಂಗ ಕೊರೆಯುವವರು ಎರಡೂ ಕಡೆಯಿಂದ ಕೊರೆದು ನಡುವೆ ಸೇರುತ್ತಾರಲ್ಲ, ಹಾಗೆ.

ಇನ್ನು ಚಿಲಕ. ಸಣ್ಣ ಕಂಬಿಯೊಂದನ್ನು ಎತ್ತಿ ಪಕ್ಕಕ್ಕೆ ಸರಿಸಿದರೆ ಬಾಗಿಲು ಬಿಡುತ್ತದೆ. ಸ್ಪ್ರಿಂಗ್ ಇಲ್ಲ, ಬಿಗಿ ಇಲ್ಲ. ಅದೂ ಚಿಲಕದ ತುದಿ ಇರುವುದು ಕೆಳಗಿನ ಕಡೆಗೆ, ಹುಡುಗಿಯರ ಚಾವಣಿಯಲ್ಲಿ. ಹೆಣ್ಣಿಲಿಗಳ ಸಹವಾಸ ಮಾಡಿದವರು ಇಷ್ಟು ಓದಿಯೇ ನಗುತ್ತಾರೆ. ಗಂಡುಗಳು ಉಂಡು ಮಲಗುವ ಜಾತಿ, ಹೆಣ್ಣುಗಳು ಇಂಜಿನಿಯರುಗಳು. ದಿನವಿಡೀ ಹತ್ತುವುದು, ಎಳೆಯುವುದು, ಎತ್ತಿ ನೋಡುವುದು. ನಾನು ಚಾಪೆ ಕೆಳಗೆ ತೂರಿದರೆ ಚುಕ್ಕಿ ರಂಗೋಲಿ ಕೆಳಗೆ ತೂರುವವಳು.

ಆ ರಾತ್ರಿ ನನ್ನನ್ನು ಎಬ್ಬಿಸಿದ್ದು ಸದ್ದಲ್ಲ, ಸದ್ದು ನಿಂತದ್ದು. ಹೆಣ್ಣಿಲಿ 4-5 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಸುಮಾರು ಅರ್ಧ ದಿನ, ಹೆಚ್ಚಾಗಿ ರಾತ್ರಿ ಹೊತ್ತು. ಆ ರಾತ್ರಿಗಳಲ್ಲಿ ಅವು ಚಕ್ರದಲ್ಲಿ ಬೇರೆ ದಿನಗಳಿಗಿಂತ ಎಷ್ಟೋ ಜಾಸ್ತಿ ಓಡುತ್ತವೆ. ಇದು ಪ್ರಯೋಗಾಲಯಗಳಲ್ಲಿ ಬಹಳ ಹಿಂದೆಯೇ ಕಂಡುಕೊಂಡ ವಿಷಯ, ನಮಗೆ ನಿದ್ದೆಗೆಟ್ಟು ಗೊತ್ತಾದ ವಿಷಯ. ಚುಕ್ಕಿಯ ಚಕ್ರದ ಸದ್ದು ಜೋರಾದರೆ ಕ್ಯಾಲೆಂಡರ್ ನೋಡುವ ಅಗತ್ಯ ಇರಲಿಲ್ಲ. ಅವತ್ತೂ ಹತ್ತು ಗಂಟೆಯಿಂದ ಒಂದೇ ಸಮ ಗಿರಗಿರ. ಎರಡರ ಸುಮಾರಿಗೆ ನಿಂತಿತು. ದೀಪ ಹಾಕಿದೆ. ಕಿಂಡಿಯ ಬಾಗಿಲು ಕೆಳಗೆ ಜೋಲುತ್ತಿತ್ತು. ಚುಕ್ಕಿ ಮೇಲಿನ ಅಂತಸ್ತಿನಲ್ಲಿ ಬೆನ್ನು ಬಾಗಿಸಿ ನಿಂತಿದ್ದಳು, ಕಿವಿಗಳು ಎಷ್ಟು ವೇಗವಾಗಿ ನಡುಗುತ್ತಿದ್ದವು ಅಂದರೆ ಅಂಚು ಮಸುಕಾಗಿ ಕಾಣುತ್ತಿತ್ತು. ಕಿವಿ ಹಾಗೆ ನಡುಗಿದರೆ ಬೆದೆ ಅಂತ ಅರ್ಥ, ಬೇರೆ ಸಾಕ್ಷಿ ಬೇಡ. ಗುಂಡ ಮೂಲೆಯಲ್ಲಿ ಕೂತು ತನ್ನನ್ನು ತಾನು ಶುಚಿ ಮಾಡಿಕೊಳ್ಳುತ್ತಿದ್ದ. ಕೆಂಚ ಜೋಲಿಯಲ್ಲಿ ನಿದ್ದೆ. ಮಿಂಚು ಕೆಳಗೆ ತನ್ನ ಡಬ್ಬದೊಳಗೆ ಇದ್ದಳು, ಅವಳು ಹತ್ತಿ ಇಳಿದಿದ್ದಾಳೋ ಇಲ್ಲವೋ ಹೇಳುವವರು ಯಾರು? ಎರಡು ವಾರ ಅವಳ ಹೊಟ್ಟೆಯನ್ನೂ ನೋಡುತ್ತಾ ಕೂತೆ. ಅವಳಿಗೆ ಏನೂ ಆಗಿರಲಿಲ್ಲ.

ಮರುದಿನ ಪಶುವೈದ್ಯರ ಹತ್ತಿರ ಹೋದೆವು. ಬೇಗ ಬಂದಿದ್ದೀರಿ, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಬಹುದು, ಸಣ್ಣ ಪ್ರಾಣಿ, ಅರಿವಳಿಕೆಯ ಅಪಾಯ ಇದ್ದೇ ಇರುತ್ತದೆ, ಯೋಚಿಸಿ ಅಂದರು. ನಾವು ಯೋಚಿಸಿದೆವು, ಯೋಚಿಸುತ್ತಲೇ ದಿನ ಹೋಯಿತು, ಅದು ನಮ್ಮ ತಪ್ಪು. ಇಲಿಯ ಗಬ್ಬ ಬರೀ 21ರಿಂದ 23 ದಿನ. ಯೋಚಿಸುವವರಿಗೆ ಅದು ಕಾಯುವುದಿಲ್ಲ. ಎರಡು ವಾರ ಆಗುವಷ್ಟರಲ್ಲಿ ಚುಕ್ಕಿ ಎರಡೂ ಪಕ್ಕಕ್ಕೆ ಉಬ್ಬಿ, ಮೇಲಿನಿಂದ ನೋಡಿದರೆ ಪೇರಳೆಹಣ್ಣಿನ ಹಾಗೆ ಕಾಣುತ್ತಿದ್ದಳು. ಅವಳಿಗೆ ಬೇರೆ ಪುಟ್ಟ ಗೂಡು, ಹರಿದ ಕಾಗದದ ರಾಶಿ. 22ನೇ ದಿನ ಬೆಳಿಗ್ಗೆ ಕಾಗದದ ಒಳಗಿನಿಂದ ಸೂಜಿಯಂಥ ಕೀರಲು.

ಹುಟ್ಟಿದ ಇಲಿ ಮರಿ ನೋಡದವರಿಗೆ ಹೇಳುತ್ತೇನೆ. ಕಿರುಬೆರಳಿನ ಮೇಲಿನ ಎರಡು ಗೆಣ್ಣಿನಷ್ಟು ಉದ್ದ, ಗುಲಾಬಿ, ಕೂದಲಿಲ್ಲ, ಕಣ್ಣು ಕಿವಿ ಮುಚ್ಚಿವೆ. ಚರ್ಮ ಎಷ್ಟು ತೆಳು ಅಂದರೆ ಹಾಲು ಕುಡಿದ ಮರಿಯ ಹೊಟ್ಟೆಯಲ್ಲಿ ಹಾಲು ಬಿಳಿ ಪಟ್ಟಿಯಾಗಿ ಹೊರಗೆ ಕಾಣುತ್ತದೆ. ಬೆಳಿಗ್ಗೆ ಎದ್ದು 11 ಬಿಳಿ ಪಟ್ಟಿ ಎಣಿಸುವುದು ನನ್ನ ಕೆಲಸವಾಯಿತು. ಸಿಟ್ಟು ಗೂಡಿನ ಮೇಲೆ ಇತ್ತು, ಅದನ್ನು ಇವುಗಳ ಮೇಲೆ ತೋರಿಸಲು ಆಗಲಿಲ್ಲ.

ಒಂದು ವಿಷಯ ಮಾತ್ರ ನಾವು ಸರಿ ಮಾಡಿದ್ದು, ಹೆರಿಗೆಗೆ ಮೊದಲೇ ಚುಕ್ಕಿಯನ್ನು ಗಂಡುಗಳ ಹತ್ತಿರ ಸುಳಿಯದ ಹಾಗೆ ಬೇರೆ ಕೋಣೆಗೆ ಹಾಕಿದ್ದು. ಹೆತ್ತ 24 ಗಂಟೆಯೊಳಗೆ ಇಲಿ ಮತ್ತೆ ಬೆದೆಗೆ ಬರುತ್ತದೆ. ಅಪ್ಪ ಜೊತೆಯಲ್ಲೇ ಇದ್ದಿದ್ದರೆ ಈ 11ಕ್ಕೆ ಹಾಲೂಡಿಸುತ್ತಲೇ ಅವಳು ಇನ್ನೊಂದು ಸೂಲು ಹೊರುತ್ತಿದ್ದಳು. ಅಪ್ಪ ಪಾಪ, ನೋಡಿಕೊಳ್ಳಲಿ ಬಿಡು ಅಂತ ಮನೆಯಲ್ಲೇ ಒಬ್ಬರು ಹೇಳಿದ್ದರು. ಹೆಸರು ಬೇಡ.

ಮುಂದಿನ ತಲೆನೋವು ಮರಿಗಳಲ್ಲಿ ಗಂಡು ಯಾವುದು ಹೆಣ್ಣು ಯಾವುದು ಅನ್ನುವುದು. 9-10ನೇ ದಿನ ನೋಡುವುದು ಬಹಳ ಸುಲಭ. ಆಗ ಹೊಟ್ಟೆಯ ಮೇಲೆ ಕೂದಲು ಇನ್ನೂ ಒತ್ತಾಗಿರುವುದಿಲ್ಲ, ಹೆಣ್ಣು ಮರಿಗೆ ಎರಡು ಸಾಲಿನಲ್ಲಿ 12 ಮೊಲೆತೊಟ್ಟು ಚುಕ್ಕಿ ಇಟ್ಟ ಹಾಗೆ ಕಾಣುತ್ತವೆ. ಗಂಡಿಗೆ ಒಂದೂ ಇಲ್ಲ. ಎರಡು ಮೂರು ದಿನ ತಡ ಮಾಡಿದರೆ ಕೂದಲು ಮುಚ್ಚಿಬಿಡುತ್ತದೆ, ಆಮೇಲೆ ಬಾಲದ ಕೆಳಗೆ ಗುದದ್ವಾರಕ್ಕೂ ಮೂತ್ರದ್ವಾರಕ್ಕೂ ಇರುವ ಅಂತರ ಅಳೆಯುವುದೇ ದಾರಿ. ಗಂಡಿಗೆ ಆ ಎರಡು ಗುರುತುಗಳ ನಡುವೆ ದೂರ ಜಾಸ್ತಿ, ಹೆಣ್ಣಿಗೆ ಕಡಿಮೆ. ಒಂದೊಂದನ್ನೇ ನೋಡಿದರೆ ಗೊಂದಲ, ಪಕ್ಕಪಕ್ಕ ಎರಡು ಮರಿ ಹಿಡಿದರೆ ತಟ್ಟನೆ ಗೊತ್ತಾಗುತ್ತದೆ. ಐದು ವಾರದ ಹೊತ್ತಿಗೆ ಗಂಡಿನ ಬೀಜ ಎದ್ದು ಕಾಣುತ್ತದೆ. ಆದರೆ ಹೆದರಿದಾಗ, ಚಳಿಯಾದಾಗ ಅವು ಬೀಜವನ್ನು ಒಳಗೆ ಎಳೆದುಕೊಳ್ಳುತ್ತವೆ. ಅಂಗಡಿಯಲ್ಲಿ ಹೆದರಿದ ಮರಿಯನ್ನು ಎತ್ತಿ ನೋಡಿ ‘ಎರಡೂ ಹೆಣ್ಣೇ ತಗೊಳ್ಳಿ’ ಅನ್ನುವವರು ಎಡವುವುದು ಇಲ್ಲೇ. ಗೂಡು ಎಷ್ಟೇ ಚೆನ್ನಾಗಿರಲಿ, ಒಳಗೆ ಹಾಕುವವರಿಗೆ ಯಾರು ಯಾರು ಅಂತ ಗೊತ್ತಿಲ್ಲದಿದ್ದರೆ ಏನು ಬಂತು?

ನಮ್ಮಲ್ಲಿ 6 ಗಂಡು, 5 ಹೆಣ್ಣು. 5 ವಾರಕ್ಕೇ ಇಲಿ ಪ್ರಾಯಕ್ಕೆ ಬರಬಹುದು, ಅಷ್ಟರೊಳಗೆ ಬೇರೆ ಆಗಿರಲೇಬೇಕು. ಅಕ್ಕ ತಂಗಿ ತಾಯಿ ಅನ್ನುವ ಲೆಕ್ಕ ಅವಕ್ಕಿಲ್ಲ. ಅಕ್ಕತಂಗಿಯರಿಂದ ಬೇರೆ ಮಾಡಿ ತಾಯಿಯ ಜೊತೆ ಬಿಡುವವರನ್ನೂ ನೋಡಿದ್ದೇನೆ, ಅದೂ ಅಷ್ಟೇ ಅಪಾಯ. ನಾನು 31ನೇ ದಿನ ಗಂಡು ಮರಿಗಳನ್ನು ಎತ್ತಿದೆ. ಹೆಣ್ಣು ಮರಿಗಳು ತಾಯಿಯ ಹತ್ತಿರವೇ ಉಳಿದವು. ಗಂಡುಗಳಲ್ಲಿ ಇಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಜೋಡಿ ಜೋಡಿಯಾಗಿ ಮನೆ ಸಿಕ್ಕಿತು, ಹೆಣ್ಣುಗಳಲ್ಲಿ ಒಬ್ಬಳನ್ನು ನಾವೇ ಇಟ್ಟುಕೊಂಡೆವು. ನಾಲ್ಕಿದ್ದದ್ದು ಏಳಾಯಿತು. ಜಾಗ ಉಳಿಸಲು ತಂದ ಗೂಡು ಇದು ಅನ್ನುವುದನ್ನು ದಯವಿಟ್ಟು ನೆನಪಿಡಿ.

ಮಾರಿದವರಿಗೆ ಬರೆದೆ. ಫೋಟೋ ಕಳಿಸಿದೆ, ಅಳತೆ ಕಳಿಸಿದೆ, ಕಡಿದ ಕಿಂಡಿಯ ಚಿತ್ರವೂ. ಉತ್ತರ ಬೇಗ ಬಂತು, ಅದಕ್ಕೆ ಮೆಚ್ಚಬೇಕು. ಚಿಲಕ ಸರಿಯಾಗಿ ಹಾಕಿರಲಿಕ್ಕಿಲ್ಲ ಅಂತ ಮೊದಲನೆಯದು. ಮತ್ತೆ ಬರೆದೆ. ಸರಳಿನ ಸಂದಿಯಿಂದ ಕೂಡಬಲ್ಲ ಪ್ರಾಣಿಗೆ ಚಿಲಕ ಹಾಕಿದರೂ ಅಷ್ಟೇ ಬಿಟ್ಟರೂ ಅಷ್ಟೇ, ನೀವು ಡಬ್ಬದ ಮೇಲಿನ ಮಾತನ್ನೇ ತೆಗೆಯಬೇಕು ಅಂತ. ಹತ್ತು ದಿನದ ಮೇಲೆ ಅಂಚೆಯಲ್ಲಿ ಒಂದು ಪುಟ್ಟ ಪೊಟ್ಟಣ. ಒಳಗೆ ಹೊಸ ಚಿಲಕ. ಹಳೆಯದರ ತದ್ರೂಪು. ಚುಕ್ಕಿಗೆ ತೋರಿಸಿದೆ, ಮೂಸಿ ಬಿಟ್ಟಳು.

ಆಮೇಲೆ ನಾನು ಮಾಡಿದ ಕೆಲಸ ಅವರ ಕೈಪಿಡಿಯಲ್ಲಿ ಎಲ್ಲೂ ಇಲ್ಲ, ಆದರೆ ಈ ಗೂಡಿನ ನಿಜವಾದ ಗುಣ ಅದರಲ್ಲೇ ಇದೆ. ನಡುವಿನ ನಾಲ್ಕು ಬೋಲ್ಟು ಬಿಚ್ಚಿದರೆ ಗೂಡು ಅಡ್ಡಕ್ಕೆ ಎರಡು ಹೋಳು. ಮೇಲಿನ ಹೋಳಿಗೆ ತಳ ಇಲ್ಲ, ನಡುವಿನ ಅಟ್ಟವೇ ತಳವಾಗುತ್ತದೆ, ಕಿಂಡಿಗೆ ಮಾತ್ರ ದಪ್ಪ ತಗಡು ಕತ್ತರಿಸಿ ಬೋಲ್ಟು ಹಾಕಿ ಮುಚ್ಚಿದೆ. ಕೆಳಗಿನ ಹೋಳಿಗೆ ಚಾವಣಿ ಇಲ್ಲ, ಅದಕ್ಕೆ ಜಾಲರಿಯ ಚೌಕಟ್ಟು ಮಾಡಿಸಿದೆ. ಅಲ್ಲಿಗೆ ಎರಡು ಗೂಡು. ಹುಡುಗರು ಈಗ ಒಂದು ಕೋಣೆ, ಹುಡುಗಿಯರು ಇನ್ನೊಂದು ಕೋಣೆ. ಒಂದೇ ಕೋಣೆಯಲ್ಲೇ ಇಡಬೇಕಾದವರು ಎರಡೂ ಗೂಡಿನ ನಡುವೆ ಒಂದು ಮಾರು ದೂರ ಬಿಡಿ. ಸರಳಿನಿಂದ ಮೂಗು ಚಾಚಿದರೂ ಕೈ ಚಾಚಿದರೂ ತಾಗಬಾರದು. ತಪ್ಪಿಸಿಕೊಂಡ ಹೆಣ್ಣು ಸೀದಾ ಗಂಡಿನ ಗೂಡಿನ ಮೇಲೆ ಹತ್ತುತ್ತದೆ ಅನ್ನುವುದನ್ನು ಮಿಂಚು ಮೊದಲ ರಾತ್ರಿಯೇ ತೋರಿಸಿದ್ದಳಲ್ಲ, ಅದಕ್ಕೇ ಗಂಡಿನ ಗೂಡಿಗೂ ನಾನು ಸಣ್ಣ ಕಣ್ಣಿನ ಜಾಲರಿ ಸುತ್ತಿದ್ದೇನೆ. ಗಂಡು ಹೊರಗೆ ಬರದಿರಲಿ ಅಂತಲ್ಲ, ಹೆಣ್ಣು ಒಳಗೆ ಹೋಗದಿರಲಿ ಅಂತ. ಎಲ್ಲ ಬಾಗಿಲಿಗೂ ಬೆಟ್ಟ ಹತ್ತುವವರು ಹಗ್ಗಕ್ಕೆ ಹಾಕುವಂಥ ತಿರುಪಿನ ಕೊಂಡಿ. ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು ಅಂದುಕೊಂಡು ಮೊದಲು ಅದನ್ನೇ ಹಾಕಿದ್ದೆ, ಬೆಳಿಗ್ಗೆ ಅರ್ಧ ಕ್ಲಿಪ್ಪು ಮಾತ್ರ ಇತ್ತು.

ಹೊರಗೆ ಆಡಲು ಬಿಡುವಾಗಲೂ ಪಾಳಿ. ಸಂಜೆ ಹುಡುಗಿಯರು, ಅವರು ಒಳಗೆ ಹೋಗಿ, ಎಣಿಸಿ, ಕೊಂಡಿ ಹಾಕಿ, ಕೊಂಡಿ ಎಳೆದು ನೋಡಿ ಆದ ಮೇಲೆ ಹುಡುಗರು. ಎಣಿಸುವಾಗ ಅಂಗಿ ತೋಳು, ಜೇಬು, ಸೋಫಾ ದಿಂಬಿನ ಹಿಂದೆ, ಎಲ್ಲ. ಒಮ್ಮೆ ಮಿಂಚು ನನ್ನ ಟೋಪಿಯೊಳಗೇ ನಿದ್ದೆ ಹೋಗಿದ್ದಳು, ನಾನು ಅದೇ ಟೋಪಿ ಹಾಕಿಕೊಂಡು ಗುಂಡನ ಗೂಡಿನ ಬಾಗಿಲು ತೆಗೆಯಲು ಹೋಗಿದ್ದೆ. ಹೀಗೆ ಆಗುತ್ತದೆ ನೋಡಿ.

ಗಂಡುಗಳಿಗೆ ಬೀಜ ತೆಗೆಸಿದರೆ ಈ ರಾಮಾಯಣವೇ ಬೇಡವಲ್ಲ ಅಂತ ಕೇಳಬಹುದು. ಹೌದು, ಆಗುತ್ತದೆ, ಇಲಿಗಳಿಗೆ ಮಾಡಿ ಅಭ್ಯಾಸ ಇರುವ ವೈದ್ಯರು ಸಿಗಬೇಕು. ಸಿಕ್ಕರೂ ಅದೇ ದಿನ ಹೆಣ್ಣುಗಳ ಜೊತೆ ಬಿಡುವ ಹಾಗಿಲ್ಲ. ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ವಾರ ಗಂಡಿನ ಮೈಯಲ್ಲಿ ವೀರ್ಯ ಉಳಿದಿರುತ್ತದೆ, ವೈದ್ಯರು ಹೇಳಿದಷ್ಟು ದಿನ ಬೇರೆಯೇ ಇಡಬೇಕು. ಅಂದರೆ ಆಗಲೂ ಎರಡು ಗೂಡು ಬೇಕೇ ಬೇಕು. ಹೆಣ್ಣಿಗೆ ಮಾಡಿಸಿದರೆ ಮೊಲೆಯ ಗಡ್ಡೆಗಳು ಬರುವುದೂ ಕಡಿಮೆ. ನಾವು ಸದ್ಯಕ್ಕೆ ಗೋಡೆಯನ್ನೇ ನಂಬಿದ್ದೇವೆ.

ಉಳಿದದ್ದು ಬೇಗ ಹೇಳುತ್ತೇನೆ. ತಳದ ಟ್ರೇ ಆಳ ಕಡಿಮೆ, ಅಗೆಯುವ ಹುಡುಗಿಯರಿದ್ದರೆ ಅರ್ಧ ಹಾಸು ನೆಲದ ಮೇಲೆ. ಹಾಸಿಗೆ ದೇವದಾರು, ಪೈನ್ ಮರದ ಹೊಟ್ಟು ಹಾಕಬೇಡಿ, ಇಲಿಗಳ ಉಸಿರಾಟ ಮೊದಲೇ ಸೂಕ್ಷ್ಮ, ಕಾಗದದ ಹಾಸು ಒಳ್ಳೆಯದು. ಒಳಗಿನ ಮೆಟ್ಟಿಲುಗಳು ಬರೀ ಸರಳು, ಅಂಗಾಲು ಹುಣ್ಣಾಗುತ್ತದೆ, ಬಟ್ಟೆ ಸುತ್ತಿ. ಜೊತೆಗೆ ಕೊಡುವ ಚಕ್ರ ತೀರಾ ಚಿಕ್ಕದು, ಓಡುವಾಗ ಬೆನ್ನು ಬಿಲ್ಲಾಗುತ್ತದೆ, ಎತ್ತಿ ಬಿಸಾಡಿ ದೊಡ್ಡದು ತನ್ನಿ. 75 ಸೆಂಟಿಮೀಟರ್ ಎತ್ತರದಿಂದ ಬಿದ್ದರೆ ಗುಂಡನಂಥ ಭಾರದವನಿಗೆ ಪೆಟ್ಟಾಗುತ್ತದೆ, ನಡುವೆ ಎರಡು ಜೋಲಿ ಕಟ್ಟಿ. ನೀರಿನ ಬಾಟಲಿ ಸೋರುವುದಿಲ್ಲ, ನನ್ನ ಅನುಭವದಲ್ಲಿ ಅದೇ ಒಂದು ಪವಾಡ.

ಅಂಕ ಕೊಡಬೇಕಂತೆ. ಒಂದೇ ಲಿಂಗದ ಮೂರು ನಾಲ್ಕು ಬೆಳೆದ ಇಲಿಗಳಿಗೆ ಎರಡೂ ಅಂತಸ್ತು ಒಂದು ಮಾಡಿ ಬಿಟ್ಟುಕೊಟ್ಟರೆ 5ಕ್ಕೆ 4. ನನ್ನ ಹಾಗೆ ಬಿಚ್ಚಿ ಎರಡು ಮಾಡುವಷ್ಟು ತಾಳ್ಮೆ, ತಗಡು, ಜಾಲರಿ ಇದ್ದರೆ ಮೂರೂವರೆ. ಡಬ್ಬದ ಮೇಲೆ ಬರೆದ ಹಾಗೆ ಮೇಲೆ ಗಂಡು ಕೆಳಗೆ ಹೆಣ್ಣು ಅಂತ ಬಳಸುವವರಿಗೆ 5ಕ್ಕೆ 1, ಆ ಒಂದೂ ಬಾಟಲಿಗೆ.

ಡಬ್ಬ ಇನ್ನೂ ಇದೆ. ಹುಡುಗಿಯರು ಆಡುವ ಜಾಗದಲ್ಲಿ ಇಟ್ಟಿದ್ದೆ, ಒಳಗೆ ಹೊರಗೆ ಓಡಾಡುತ್ತಾರೆ. ಈ ವಾರ ನೋಡಿದರೆ ‘ಸುರಕ್ಷಿತವಾಗಿ’ ಅನ್ನುವ ಅಕ್ಷರಗಳಿದ್ದ ಕಡೆ ಸರಿಯಾಗಿ ಚುಕ್ಕಿಯ ತಲೆ ಹಿಡಿಯುವಷ್ಟು ತೂತು.